ಯಾರ ಧರ್ಮ?

ನಮ್ಮ ಮನೆ ಆಗ ಕಲಬುರಗಿಯ ಶಹಾಬಜಾರದಲ್ಲಿತ್ತು. ನಮ್ಮ ಗೋಡೆಗೆ ಹೊಂದಿಕೊಂಡ ಎರಡು ಕೋಣೆಗಳಲ್ಲಿ ಒಬ್ಬ ಕ್ರೈಸ್ತ ಅಕ್ಕೋರು ತಮ್ಮ ಮುದಿತಾಯಿಯೊಡನೆ ಇದ್ದರು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೆಯೇ ಕರೆಯುವ ವಾಡಿಕೆ. ಅವರು ಮೆಥೊಡಿಸ್ಟ್ ಸಭೆಗೆ ಸೇರಿದವರು. ಸಂಬಳ ಬಂದ ದಿನ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಹತ್ತರಲ್ಲಿ ಒಂದು ಪಾಲನ್ನು ಎಣಿಸಿ ತಗಡಿನ ಡಬ್ಬಿಯೊಂದರಲ್ಲಿ ಹಾಕಿಡುವುದು. ಕಿರಾಣಿ ಅಂಗಡಿಯ ಬಾಕಿ, ಹಾಲಿನವನ ಲೆಕ್ಕ, ಮನೆಯ ಬಾಡಿಗೆ ಎಲ್ಲವೂ ಅದರ ಅನಂತರ. ಅದನ್ನು ಅವರು ದಶಮಾಂಶವೆನ್ನುತ್ತಿದ್ದರು. ಎಂಟಾಣೆ ಕಡಿಮೆಯಾದಂತೆ ತೋರಿದರೆ ಮತ್ತೆ ಮೊದಲಿನಿಂದ ಎಣಿಸುವರು. ನಾನು ಇಪ್ಪತ್ತರ ಹುಡುಗ. ದೇವರ ಸಂಗಡ ಇಂಥ ಅಂಗಡಿಯ ಲೆಕ್ಕವೇಕೆ ಎಂದು ಒಳಗೊಳಗೆ ನಗುತ್ತಿದ್ದೆ.

ನಗುವ ಯೋಗ್ಯತೆ ನನಗಿರಲಿಲ್ಲ. 1970ರ ದಶಕದ ಆ ವರ್ಷಗಳಲ್ಲಿ ನಾನು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತೊಗರಿಯ ಸುಗ್ಗಿಯಲ್ಲಿ ರೈತರ ಬಂಡಿಗಳು ಬೆಳಗಿನ ಜಾವಕ್ಕೇ ಬಂದು ನಿಲ್ಲುತ್ತಿದ್ದವು. ಮಾಲು ಮಾರಿದ ಮೇಲೆ ರೈತನಿಗೊಂದು ಪಟ್ಟಿ ಬರೆದುಕೊಡಬೇಕು: ಅಡತಿ ಇಷ್ಟು, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಕಟ್ಟಕಡೆಗೆ 'ಧರ್ಮಾದ' ಇಷ್ಟು. ರೈತನ ಹಣದಿಂದ ಹೀಗೆ ಮನಬಂದಂತೆ ಮುರಿದುಕೊಳ್ಳಕೂಡದೆಂದು 1966ರ ಮಾರುಕಟ್ಟೆ ಕಾಯಿದೆ ಹೇಳಿಯಾಗಿತ್ತು. ಕಾಯಿದೆ ತನ್ನ ಪುಸ್ತಕದಲ್ಲಿತ್ತು, ಧರ್ಮಾದ ನನ್ನ ಪಟ್ಟಿಯಲ್ಲಿತ್ತು. ವರ್ಷವಿಡೀ ಕೂಡಿದ ಆ ಹಣದಿಂದ ಮಾಲಕರು ಒಂದು ಕಡೆ ಕಟ್ಟೆ ಕಟ್ಟಿಸಿದರು, ಒಂದು ಕಡೆ ಅನ್ನ ಹಾಕಿಸಿದರು. ಕಲ್ಲಿನ ಮೇಲೆ ಅವರ ಹೆಸರು ಬಂತು. ಅವರು ಕೆಟ್ಟವರೇನಲ್ಲ. ಒಂದು ಪೈಯನ್ನೂ ಆ ಬಾಬಿನಿಂದ ಮನೆಗೆ ಒಯ್ದವರಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಒಂದು ದಿನ ಕಮಲಾಪುರದ ಕಡೆಯ ಮುದುಕ ರೈತನೊಬ್ಬ ನನ್ನಿಂದ ಪಟ್ಟಿಯನ್ನು ಪೂರಾ ಓದಿಸಿದ. ಕಡೆಯ ಸಾಲಿಗೆ ಬಂದಾಗ, "ತಮ್ಮಾ, ಈ ಧರ್ಮಾ ಯಾರ್ದು? ರೊಕ್ಕಾ ನಂದು, ಹೆಸರು ಅವರ್ದು?" ಎಂದ. ಮಾಲಕರು ನಕ್ಕರು. ನಾನೂ ನಕ್ಕೆ. ಮುದುಕನೂ ಸ್ವಲ್ಪ ನಕ್ಕು, ಪಟ್ಟಿಯನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋದ. 1979ರಲ್ಲಿ ಸುಪ್ರೀಂ ಕೋರ್ಟು ಒಂದು ಹತ್ತಿಗಿರಣಿಯ ಮೊಕದ್ದಮೆಯಲ್ಲಿ, ಗಿರಾಕಿಗಳಿಂದ ಧರ್ಮಾದವೆಂದು ಎತ್ತಿದ ಹಣವು ಗಿರಣಿಯ ಆದಾಯವೇ ಅಲ್ಲ, ಕೈಗೆ ಬಂದ ಗಳಿಗೆಯಿಂದಲೇ ಅದು ಧರ್ಮಕಾರ್ಯಕ್ಕೆ ಮೀಸಲು ಎಂದು ತೀರ್ಪಿತ್ತಿತು. ಪ್ರಶ್ನೆ ಅಲ್ಲಿ ತೆರಿಗೆಯದು. ಆದರೆ ಅದನ್ನು ಓದಿದಾಗ ನನಗೆ ಮುದುಕನ ಮಾತೇ ಕಿವಿಯಲ್ಲಿ ಬಿತ್ತು. ತನ್ನದಲ್ಲದ ಹಣವನ್ನು ಕೊಟ್ಟು ದಾನಿಯಾಗುವುದು ಹೇಗೆ?

ಅದೇ ಚಳಿಗಾಲದಲ್ಲಿ ನನ್ನ ತಂದೆ ಹಾಸಿಗೆ ಹಿಡಿದರು. ಔಷಧಕ್ಕೆ ನಲವತ್ತು ರೂಪಾಯಿ ಬೇಕಾಗಿತ್ತು. ಅಂಗಡಿಯಲ್ಲಿ ಮುಂಗಡ ಹುಟ್ಟಲಿಲ್ಲ. ಅಕ್ಕೋರ ಬಾಗಿಲಿಗೆ ಹೋದೆ. ಡಬ್ಬಿ ಎದುರಿಗೇ ಇತ್ತು. ಅವರು ಸೆರಗಿನ ಅಂಚನ್ನು ತಿರುವುತ್ತ ಸುಮ್ಮನೆ ನಿಂತುದನ್ನು ಕಂಡು, "ಅಕ್ಕೋರೇ, ಆ ಡಬ್ಬ್ಯಾಗಿಂದು ಕೊಡ್ರಿ, ದೇವರಿಗೇನು ಅವಸರ ಅದ?" ಎಂದುಬಿಟ್ಟೆ. "ಅದು ನಂದಲ್ಲಪ್ಪಾ. ನಂದಲ್ಲದ್ದು ನಿನಗ ಹ್ಯಾಂಗ ಕೊಡ್ಲಿ?" ಎಂದರು. ಒಳಗೆ ಹೋಗಿ ಅಡಿಗೆಮನೆಯಿಂದ ನಲವತ್ತು ರೂಪಾಯಿ ತಂದು ಕೈಗಿಟ್ಟರು. ಹಣ ತೆಗೆದುಕೊಂಡೆನಾದರೂ ಸಿಟ್ಟು ಇಳಿಯಲಿಲ್ಲ. ಮುಂದೆ ಎರಡು ತಿಂಗಳು ಆ ಮನೆಗೆ ಹಾಲು ನಿಂತಿತ್ತೆಂದು ಹಾಲಿನವನೇ ಹೇಳಿದ.

ಅವರು ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ಬಹಳ ವರ್ಷ ಹೊತ್ತು ತಿರುಗಿದ್ದೇನೆ. ಅವರ ಗ್ರಂಥವನ್ನೇ ತೆಗೆದು ನೋಡಿದರೆ ಸರಿಯಲ್ಲವೆಂದೇ ಹೇಳಬೇಕಾಗುತ್ತದೆ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿ ಮೂರನೆಯ ವರ್ಷದ ದಶಮಾಂಶವು ಊರೊಳಗಿನ ಪರದೇಶಿ, ತಬ್ಬಲಿ, ವಿಧವೆಯರ ಹೊಟ್ಟೆ ತುಂಬಲೆಂದೇ ಇರುವುದು. ಹಾಗಾದರೆ ನೆರೆಮನೆಯ ರೋಗಿಯ ಪಾಲು ಆ ಡಬ್ಬಿಯಲ್ಲಿ ಇದ್ದೇ ಇತ್ತು. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗಳ ಕೈಬಿಡುವವರನ್ನು ಯೇಸು ಕಟುವಾಗಿ ಆಡಿಕೊಂಡಿದ್ದಾನೆ. ಪುದೀನ ಜೀರಿಗೆಗಳಲ್ಲಿಯೂ ಹತ್ತನೆಯ ಪಾಲೆತ್ತಿ ನ್ಯಾಯ ಕರುಣೆಗಳನ್ನು ಮರೆಯುವವರನ್ನೂ ಬಿಟ್ಟಿಲ್ಲ. ಲೆಕ್ಕ ತೀರಿಸಿದೆನೆಂಬ ಭಾವ ಬಂದೊಡನೆ ಉಳಿದ ಒಂಬತ್ತು ಪಾಲು ಯಾರಿಗೂ ಉತ್ತರ ಕೊಡಬೇಕಿಲ್ಲದ ಸ್ವಂತ ಆಸ್ತಿಯಾಗಿಬಿಡುತ್ತದೆ. ದಶಮಾಂಶದ ದೊಡ್ಡ ಅಪಾಯ ಅದೇ. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಈ ಅಪಾಯವನ್ನು ಬಲ್ಲವನು. ವರ್ಷಕ್ಕೆ ಇಪ್ಪತ್ತೆಂಟು ಪೌಂಡು ತನ್ನ ಖರ್ಚಿಗೆ ಸಾಕೆಂದು ಗೊತ್ತುಮಾಡಿಕೊಂಡು, ಆದಾಯ ಎಷ್ಟು ಏರಿದರೂ ಮಿಕ್ಕಿದ್ದನ್ನು ಕೊಟ್ಟುಬಿಡುತ್ತಿದ್ದನೆಂದು ಹೇಳುತ್ತಾರೆ. ಅವನು ಹತ್ತಕ್ಕೆ ನಿಂತವನಲ್ಲ.

ಆದರೆ ಅಕ್ಕೋರು ಒಂಬತ್ತು ಪಾಲನ್ನು ಹಾಗೆ ಬಿಗಿಹಿಡಿದವರೇ? ನನಗೆ ಕೊಟ್ಟದ್ದು ಅದರೊಳಗಿಂದಲೇ. ಡಬ್ಬಿಯನ್ನು ಮುರಿದಿದ್ದರೆ ಅವರ ಹಾಲು ನಿಲ್ಲುತ್ತಿರಲಿಲ್ಲ, ನಾನು ಮಾತ್ರ ದೇವರ ಸಾಲಗಾರನಾಗುತ್ತಿದ್ದೆ. ಶಾಸ್ತ್ರದಲ್ಲಿ ಅವರು ತಪ್ಪಿರಬಹುದು. ಕೊಡುವಾಗ ಯಾವುದು ತನ್ನದು ಯಾವುದಲ್ಲ ಎಂಬುದರಲ್ಲಿ ತಪ್ಪಲಿಲ್ಲ. ನಮ್ಮ ಅಂಗಡಿಗೆ ಗೊತ್ತಿಲ್ಲದಿದ್ದ ವಿದ್ಯೆ ಅದು.

ನಮ್ಮ ಸೀಮೆಗೆ ಆ ವಿದ್ಯೆ ಹೊಸದಲ್ಲವೆಂಬುದೇ ನಾಚಿಕೆಯ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚಿನ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಅಗತ್ಯಕ್ಕಿಂತ ಹೆಚ್ಚಿನದು ನಮ್ಮದಲ್ಲ, ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಜಂಗಮರಿಗೆ ಉಣಿಸಲೆಂದೇ ತಂದ ಅಕ್ಕಿಯದು, ನೆನಪಿರಲಿ. ಒಳ್ಳೆಯ ಉದ್ದೇಶ ಅವಳನ್ನು ಮರುಳುಮಾಡಲಿಲ್ಲ. ನಮ್ಮೂರಿನಲ್ಲೇ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಹೊಲ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಡುತ್ತಿದ್ದರಂತೆ. ತೆನೆಯಲ್ಲಿ ಹಕ್ಕಿಯ ಪಾಲು ಮೊದಲೇ ಇದೆಯೆಂದು ಬಗೆದವನಿಗೆ ತಾನು ದಾನಿಯೆಂಬ ಮಾತೇ ಹುಟ್ಟಲಾರದು. ದಾಸೋಹದಲ್ಲಿ ಕೊಡುವವನೇ ದಾಸ. ನಮ್ಮ ಓಣಿಯ ಮುಸಲ್ಮಾನ ನೆರೆಯವರು ವರ್ಷಕ್ಕೊಮ್ಮೆ ನಲವತ್ತರಲ್ಲೊಂದು ಪಾಲು ಜಕಾತ್ ತೆಗೆಯುವಾಗಲೂ ಅದು ಬಡವನ ಹಕ್ಕೆಂದೇ ಹೇಳುತ್ತಿದ್ದರು. ಪ್ರಮಾಣಗಳು ಬೇರೆ ಬೇರೆ, ಅದಿರಲಿ.

ತಂದೆ ಎದ್ದು ಓಡಾಡುವಂತಾದರು. ಒಂದು ವರ್ಷದ ಮೇಲೆ ನಲವತ್ತು ರೂಪಾಯಿಯನ್ನು ಅಕ್ಕೋರಿಗೆ ಹಿಂದಿರುಗಿಸಿದೆ. ಡಬ್ಬಿಯ ಕಡೆ ನೋಡಿದೆ. ಅವರಿಗೆ ತಿಳಿಯಿತು. "ಇದರ ಪಾಲು ಆವಾಗೇ ಹೋಗ್ಯದ," ಎಂದು ನಕ್ಕು, ಹಣವನ್ನು ಅಡಿಗೆಮನೆಗೆ ಒಯ್ದರು.

ಗಂಜಿನ ಕೆಲಸವನ್ನು ನಾನು ಆಮೇಲೆಯೂ ಮೂರು ವರ್ಷ ಮಾಡಿದೆ. ಧರ್ಮಾದವನ್ನೂ ಬರೆದೆ. ಬರೆಯುವುದಿಲ್ಲವೆಂದು ಒಮ್ಮೆಯೂ ಹೇಳಲಿಲ್ಲ. ಕಮಲಾಪುರದ ಕಡೆಯ ಆ ಮುದುಕನ ಹೆಸರನ್ನು ಪಟ್ಟಿಯ ತಲೆಯ ಮೇಲೆ ನಾನೇ ನನ್ನ ಕೈಯಾರೆ ಬರೆದಿದ್ದೆ. ಎಷ್ಟು ಸಲ ಯತ್ನಿಸಿದರೂ ಅದು ನೆನಪಿಗೆ ಬರುವುದಿಲ್ಲ. ಕಡೆಯ ಸಾಲಿನ ಅಂಕಿ ಮಾತ್ರ ನೆನಪಿದೆ: ಎರಡು ರೂಪಾಯಿ ಹತ್ತು ಪೈಸೆ.