ಎಣಿಕೆಗೆ ಸಿಗದ ಗೆರೆ

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಕುರಿಯಿಂದ. ಗಿಡ್ಡ ಕಾಲು, ತುಂಬಿದ ಮೈಯ ಆ ತಳಿಗೆ ಊರಿನ ಹೆಸರೇ ನಿಂತುಬಿಟ್ಟಿದೆ. ಊರೊಳಗೆ ಮಾತ್ರ ದಿನನಿತ್ಯದ ಮಾತು ಜಮೀನಿನದು, ಬದುವಿನದು, ಗುಂಟೆಯದು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಚೌಕವಾದ ಒಂದು ಗುಂಟೆಯಲ್ಲಿ ಬದುವಿನ ಮೇಲೆ ನಡೆದು ಎದುರು ಮೂಲೆ ಸೇರಲು 66 ಅಡಿ ನಡೆಯಬೇಕು. ಮೂಲೆಯಿಂದ ಮೂಲೆಗೆ ಒಳಗೇ ಹಾದರೆ 46 ಅಡಿ 8 ಇಂಚು, ಅದರ ಮೇಲೆ ಒಂದು ಮಿಲಿಮೀಟರಿಗೂ ಕಡಿಮೆಯಾದ ಒಂದು ಚೂರು. ಆ ಚೂರಿನ ಲೆಕ್ಕ ಎರಡೂವರೆ ಸಾವಿರ ವರ್ಷದಿಂದ ಗಣಿತಜ್ಞರನ್ನೂ ತತ್ತ್ವಚಿಂತಕರನ್ನೂ ಕಾಡಿದೆ.

ಮೂಲೆಯಿಂದ ಮೂಲೆಗೆ ಹಾದು ದಾರಿ ಉಳಿಸುವ ಈ ಗೆರೆಯನ್ನು, ಅಂದರೆ ಕರ್ಣವನ್ನು, ನಮ್ಮ ಆಡುಮಾತು ನಂಬುವುದಿಲ್ಲ. ಮಗ ಅಡ್ಡದಾರಿ ಹಿಡಿದ ಎಂದು ಹೆತ್ತವರು ಕೊರಗುತ್ತಾರೆ. ಓರೆನೋಟವೆಂದರೆ ಮನಸ್ಸಿನಲ್ಲಿ ಇನ್ನೇನೋ ಇದೆ ಎಂದರ್ಥ. ಒಳ್ಳೆಯ ಮನುಷ್ಯ ನೇರ, ಕೆಟ್ಟವನ ಬುದ್ಧಿ ಸೊಟ್ಟ. ಇದಕ್ಕೆ ಕಾರಣ ಹೊಲದಲ್ಲೇ ಇದ್ದಿರಬಹುದು. ಬದುವಿನ ಮೇಲೆ ಯಾರು ಬೇಕಾದರೂ ನಡೆಯಬಹುದು. ಬದುವಿನ ಒಳಗಿರುವುದು ಒಬ್ಬರ ಪೈರು. ಮೂಲೆಯಿಂದ ಮೂಲೆಗೆ ಹೋಗುವವನು ಆ ಪೈರನ್ನು ತುಳಿಯದೆ ಹೋಗಲಾರ.

ಪೂಜೆ ಮತ್ತು ಕಟ್ಟಡದ ಸಂಪ್ರದಾಯ ಅದೇ ಗೆರೆಗೆ ಬೇರೆಯೇ ಸ್ಥಾನ ಕೊಟ್ಟಿತು. ವಾಸ್ತುಮಂಡಲದ ಚೌಕದೊಳಗೆ ವಾಸ್ತುಪುರುಷ ಮಲಗಿರುವುದು ಕರ್ಣದ ಉದ್ದಕ್ಕೆ: ತಲೆ ಈಶಾನ್ಯಕ್ಕೆ, ಪಾದ ನೈಋತ್ಯಕ್ಕೆ. ಈಶಾನ್ಯವನ್ನು ದೇವಮೂಲೆ ಎಂದು ಬಿಟ್ಟು ಮನೆ ಕಟ್ಟುವವರು ಇಂದಿಗೂ ಇದ್ದಾರೆ. ಬಂಡೂರಿಗೆ ದೂರವಲ್ಲದ ಸೋಮನಾಥಪುರದಲ್ಲಿ, 13ನೇ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದ ಮೂರು ಗರ್ಭಗುಡಿಗಳ ಹೊರಮೈ ನಕ್ಷತ್ರದ ಆಕಾರದ್ದು. ಒಂದೇ ಚೌಕವನ್ನು ಕೇಂದ್ರ ಕದಲಿಸದೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಇಂಥ ನಕ್ಷತ್ರ ಮೂಡುತ್ತದೆ. ಅದರ ಮೂಲೆಗಳೆಲ್ಲ ಕೇಂದ್ರದಿಂದ ಸರಿಯಾಗಿ ಅರ್ಧ ಕರ್ಣದಷ್ಟು ದೂರ.

ಮನೆಯ ಪಾಯಕ್ಕೆ ಗುರುತು ಹಾಕುವ ಮೇಸ್ತ್ರಿಗೂ ಕರ್ಣ ಬೇಕು. ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ನಾಲ್ಕೂ ಪಕ್ಕ ಅಳೆದು ಸರಿಯಿದೆ ಎಂದ ಮಾತ್ರಕ್ಕೆ ಮೂಲೆ ಮಟ್ಟಕ್ಕೆ ಬಂತೆಂದು ಆತ ಒಪ್ಪುವುದಿಲ್ಲ. ಟೇಪನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಹಿಡಿಯುತ್ತಾನೆ. ಎರಡೂ ಒಂದೇ ಬಂದರೆ ಮಾತ್ರ ಅಗೆತ ಶುರು. ಕರ್ನಾಟಕದ ಊರೂರಲ್ಲಿ ಹಂಚಿಕೆಯಾಗಿರುವ 30x40 ಸೈಟಿನಲ್ಲಿ ಈ ಕೆಲಸ ಸುಲಭ, ಕರ್ಣ ಸರಿಯಾಗಿ 50 ಅಡಿ. 20x30ಕ್ಕೆ ಬಂದರೆ ಆ ಸುಖವಿಲ್ಲ: 36 ಅಡಿ, ಮೇಲೆ ಮುಕ್ಕಾಲು ಇಂಚಿಗೆ ತುಸು ಕಡಿಮೆ.

ಮೇಸ್ತ್ರಿಯ ಈ ಎಚ್ಚರವನ್ನು 1150ರ ಸುಮಾರಿಗೆ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಕಟುವಾಗಿಯೇ ಹೇಳಿದ್ದರು. ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ, ಬರೀ ನಾಲ್ಕು ಬಾಹು ಕೊಟ್ಟು ಚತುರ್ಭುಜದ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂಬುದು ಅವರ ಮಾತಿನ ಸಾರ. ಪಕ್ಕಗಳು ಬದಲಾಗದೆ ಚೌಕ ವಾಲಬಹುದು, ವಾಲಿದಂತೆ ಒಳಗಿನ ಜಾಗ ಕುಗ್ಗುತ್ತದೆ. ಒಂದು ಕರ್ಣ ಗೊತ್ತಾದರೆ ಆಕಾರ ಕದಲುವುದಿಲ್ಲ.

ಅದಕ್ಕೂ ಬಹಳ ಹಿಂದೆ, ಯಜ್ಞವೇದಿಗಳ ಅಳತೆಗಾಗಿ ಹುಟ್ಟಿದ ಬೌಧಾಯನ ಶುಲ್ಬಸೂತ್ರ ಈ ವಿಷಯವನ್ನು ಹಗ್ಗದಿಂದ ತಿಳಿಸಿತು. ಆಯತದ ಉದ್ದ ಮತ್ತು ಅಗಲ ಬೇರೆ ಬೇರೆಯಾಗಿ ಉಂಟುಮಾಡುವ ಎರಡು ಚೌಕಗಳನ್ನು ಕರ್ಣದ ಹಗ್ಗ ಒಂದೇ ಚೌಕವಾಗಿ ಉಂಟುಮಾಡುತ್ತದೆ. ವೇದಿಯನ್ನು ಇಮ್ಮಡಿ ಮಾಡಬೇಕೇ? ಇರುವ ಚೌಕದ ಕರ್ಣಕ್ಕೆ ಹಗ್ಗ ಹಿಡಿ, ಅದನ್ನೇ ಹೊಸ ಚೌಕದ ಪಕ್ಕ ಮಾಡು. ಇಲ್ಲಿ ಸಂಖ್ಯೆಯೇ ಬೇಡ. ಸಂಖ್ಯೆ ಬೇಕೆನ್ನುವವರಿಗೂ ಸೂತ್ರವಿದೆ: ಪಕ್ಕಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ, ಆ ಭಾಗದ ನಾಲ್ಕನೇ ಒಂದನ್ನು ಸೇರಿಸಿ, ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೇ ಒಂದನ್ನು ಕಳೆ. ಒಂದಿಷ್ಟು ಗುಣಿಸಿ ಭಾಗಿಸಿದರೆ ಇದು 577ನ್ನು 408ರಿಂದ ಭಾಗಿಸಿದಷ್ಟು. ಗುಂಟೆಯ ಕರ್ಣಕ್ಕೆ ಇದನ್ನು ಹಾಕಿ ನೋಡಿದರೆ ಬರುವ ತಪ್ಪು ಸುಮಾರು ಮಿಲಿಮೀಟರಿನ ಐವತ್ತನೇ ಒಂದು ಪಾಲು! ಹಗ್ಗ, ಗೂಟ ಹಿಡಿದು ಅಳೆಯುತ್ತಿದ್ದ ಕಾಲದ ಲೆಕ್ಕವಿದು. ಆ ಅಳತೆಗೆ ಸೂತ್ರ ಕೊಟ್ಟ ಹೆಸರು ‘ಸವಿಶೇಷ’. ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುವರಿ ಉಳಿದಿದೆ ಎಂಬ ಅರಿವನ್ನು ಆ ಹೆಸರಿನಲ್ಲಿ ಕಾಣುವ ವಿದ್ವಾಂಸರಿದ್ದಾರೆ. ಆ ಹೆಚ್ಚುವರಿ ಎಂದಿಗೂ ಮುಗಿಯದು ಎಂಬ ಪುರಾವೆ ಮಾತ್ರ ಅಲ್ಲಿಲ್ಲ.

577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ಒಂದೇ ಒಂದು ಹೆಚ್ಚು. ಇನ್ನೂ ದೊಡ್ಡ ಸಂಖ್ಯೆಗಳನ್ನು ಹುಡುಕಿದರೆ ತಪ್ಪು ಇನ್ನೂ ಸಣ್ಣದಾಗುತ್ತದೆ, ಆದರೆ ಆ ಒಂದು ಎಂದೂ ಸೊನ್ನೆಯಾಗುವುದಿಲ್ಲ. ಇದಕ್ಕೆ ಪುರಾವೆ ಕೊಟ್ಟವರು ಗ್ರೀಕರು: ಸರಿಯಾದ ಭಿನ್ನರಾಶಿ ಸಿಕ್ಕಿತೆಂದು ಒಪ್ಪಿದರೆ ಒಂದೇ ಸಂಖ್ಯೆ ಸಮವೂ ಬೆಸವೂ ಆಗಬೇಕಾಗುತ್ತದೆ. ಅರಿಸ್ಟಾಟಲ್ ಕೂಡ ಈ ವಾದವನ್ನು ಉದಾಹರಿಸುತ್ತಾನೆ. ಹಾಗಾಗಿ ಗುಂಟೆಯ ಬದುವನ್ನು ಎಷ್ಟು ಕೋಟಿ ಸಮಪಾಲು ಮಾಡಿದರೂ ಆ ಪಾಲುಗಳನ್ನು ಜೋಡಿಸಿ ಕರ್ಣವನ್ನು ಸರಿಯಾಗಿ ಮುಗಿಸಲಾಗದು.

ದೇವರು ಅಳತೆಗೆ ಮೀರಿದವನು ಎನ್ನುವವರಿಗೆ ಇದು ಪ್ರಿಯವಾದ ಸಂಗತಿ. ಬ್ರಹ್ಮವನ್ನು ಮುಟ್ಟಲಾರದೆ ಮಾತೂ ಮನಸ್ಸೂ ಹಿಂದಿರುಗುತ್ತವೆ ಎಂದು ತೈತ್ತಿರೀಯ ಉಪನಿಷತ್ತು ಹೇಳುತ್ತದೆ. ಗಣಿತವೂ ಅದನ್ನೇ ಹೇಳಿತಲ್ಲ ಎಂದು ಅನ್ನಿಸುವುದು ಸಹಜ. ಈ ಹೋಲಿಕೆ ಅರ್ಧದವರೆಗೆ ನಿಲ್ಲುತ್ತದೆ. ಎಣಿಕೆಗೆ ಸಿಗದ್ದೆಲ್ಲ ಇಲ್ಲದ್ದು ಎನ್ನುವವರಿಗೆ ಕರ್ಣ ಖಂಡಿತವಾದ ಉತ್ತರ. ಅದು ಕಣ್ಣೆದುರೇ ಇದೆ. ಉಳಿದರ್ಧ ಬೇರೆ. ಕರ್ಣ ಎಣಿಕೆಗೆ ಸಿಗದು ಎಂಬುದನ್ನು ಮನುಷ್ಯರು ನಂಬಿ ತಿಳಿದದ್ದಲ್ಲ, ಪ್ರಶ್ನೆ ಕೇಳಿ ಕೇಳಿ ಪುರಾವೆಯಿಂದ ತಿಳಿದದ್ದು. ಅಳತೆಗೆ ಮೀರಿದ್ದನ್ನು ಕೇಳಬೇಡ ಎಂದು ಬಾಯಿ ಮುಚ್ಚಿಸುವವರ ಪರವಾಗಿ ಕರ್ಣ ಸಾಕ್ಷಿ ಹೇಳುವುದಿಲ್ಲ.

ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಈ ಎರಡೂ ಅರ್ಧಗಳು ಎದುರುಬದುರಾಗಿವೆ. ಗಣಿತ ಕಲಿಯದ ಒಬ್ಬ ಗುಲಾಮ ಹುಡುಗನ ಮುಂದೆ ಸಾಕ್ರಟೀಸ್ ಎರಡು ಅಡಿ ಪಕ್ಕದ ಚೌಕ ಬರೆದು, ಇದರ ಇಮ್ಮಡಿ ಜಾಗದ ಚೌಕಕ್ಕೆ ಪಕ್ಕ ಎಷ್ಟು ಎಂದು ಕೇಳುತ್ತಾನೆ. ಹುಡುಗ ನಾಲ್ಕು ಎನ್ನುತ್ತಾನೆ, ಹದಿನಾರು ಚದರಡಿಯಾಗುತ್ತದೆ. ಮೂರು ಎನ್ನುತ್ತಾನೆ, ಒಂಬತ್ತಾಗುತ್ತದೆ. ಎಣಿಸಿ ಹೇಳಲು ಇಷ್ಟವಿಲ್ಲದಿದ್ದರೆ ಯಾವ ಗೆರೆ ಎಂದು ತೋರಿಸು ಎನ್ನುತ್ತಾನೆ ಸಾಕ್ರಟೀಸ್. ಕೊನೆಗೆ ಹುಡುಗ ಕರ್ಣಕ್ಕೆ ಬಂದು ನಿಲ್ಲುತ್ತಾನೆ. ಆತ್ಮಕ್ಕೆ ಹುಟ್ಟುವ ಮೊದಲೇ ಇದೆಲ್ಲ ತಿಳಿದಿತ್ತು, ಈಗ ನೆನಪಾಯಿತು ಅಷ್ಟೇ ಎಂದು ಸಾಕ್ರಟೀಸ್ ವಾದಿಸುತ್ತಾನೆ. ಇದನ್ನು ಒಪ್ಪುವುದು ಕಷ್ಟ, ಏಕೆಂದರೆ ಹುಡುಗನ ಅರಿವಿಗೆ ಪೂರ್ವಜನ್ಮ ಬೇಕಾಗಲಿಲ್ಲ. ಅಕ್ಕಪಕ್ಕ ಕೂಡಿಸಿದ ನಾಲ್ಕು ಚೌಕಗಳಲ್ಲಿ ಪ್ರತಿಯೊಂದನ್ನೂ ಕರ್ಣ ಅರ್ಧ ಮಾಡಿತೆಂದು ಅವನು ಕಣ್ಣಾರೆ ನೋಡಿದ, ಒಳಗೆ ಅಂಥ ನಾಲ್ಕು ಅರ್ಧಗಳಿವೆ ಎಂದು ತಾನೇ ಎಣಿಸಿದ. ಒಂದೊಂದು ಅರ್ಧವೂ ಎರಡು ಚದರಡಿ, ಒಟ್ಟು ಎಂಟು.