ರಕ್ತದ ಸಾಕ್ಷ್ಯವೂ ದಯೆಯ ಹೊಣೆಯೂ

ಒಂದು ಜೀವವನ್ನುಳಿಸುವುದಕ್ಕಾಗಿ ಮತ್ತೊಂದು ಜೀವವನ್ನು ನೋವಿಗೊಡ್ಡಬಹುದೇ ಎಂಬುದು ಪುರಾತನವಾದ ಪ್ರಶ್ನೆ. ಹೃದ್ರೋಗಿಗಳಿಗಾಗಿ ನಿರ್ಮಿಸುವ ಹೃದಯಸಹಾಯಕ ಪಂಪುಗಳ ವಿಷಯದಲ್ಲಿ ಅದು ಅತಿ ಸೂಕ್ಷ್ಮವಾದ ರೂಪವನ್ನು ತಾಳಿದೆ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಡಾ. ಮೈಕೇಲ್ ಡಿಬೇಕಿಯವರು ೧೯೬೬ರಲ್ಲಿ ಇಂಥ ಪಂಪೊಂದನ್ನು ರೋಗಿಗೆ ಜೋಡಿಸಿ ಸಫಲರಾದರು. ೧೯೮೮ರಲ್ಲಿ ಡಾ. ರಿಚರ್ಡ್ ವಾಂಪ್ಲರ್ ಅವರ ಹೀಮೋಪಂಪ್ ಎಂಬ ಕಿರುಯಂತ್ರವು ಮೊದಲಬಾರಿಗೆ ಮಾನವನಲ್ಲಿ ಬಳಕೆಗೆ ಬಂದಿತು. ಅದು ನಿಮಿಷಕ್ಕೆ ಸುಮಾರು ೨೫,೦೦೦ ಸುತ್ತು ತಿರುಗುವಂಥದು. ಅಷ್ಟು ವೇಗಕ್ಕೆ ರಕ್ತಕಣಗಳು ನುಚ್ಚುನೂರಾಗುವುವೆಂದು ಶಂಕಿಸಿದವರು ಹಲವರು. ಆ ಶಂಕೆಗೆ ತರ್ಕವು ಉತ್ತರ ಹೇಳಲಾರದು. ರಕ್ತವೇ ಸಾಕ್ಷಿ ನುಡಿಯಬೇಕು.

ಆದುದರಿಂದ ಮಾನವನಿಗೆ ಅಳವಡಿಸುವ ಮುನ್ನ ಇಂಥ ಪಂಪುಗಳನ್ನು ಕರುಗಳಲ್ಲಿಯೂ ಕುರಿಗಳಲ್ಲಿಯೂ ಇರಿಸಿ ದಿನಗಟ್ಟಲೆ, ವಾರಗಟ್ಟಲೆ ಪರೀಕ್ಷಿಸುವರು. ನಿಯತಕಾಲಕ್ಕೆ ಅವುಗಳ ರಕ್ತವನ್ನು ತೆಗೆದು ನೋಡುವರು. ಕೆಂಪುಕಣ ಒಡೆದರೆ ಅದರೊಳಗಿನ ಹಿಮೋಗ್ಲೋಬಿನ್ ರಕ್ತದ ದ್ರವಭಾಗಕ್ಕೆ ಸೋರುವುದು. ಆ ಸೋರಿಕೆಯ ಪ್ರಮಾಣದಿಂದ ಯಂತ್ರದ ಗುಣದೋಷವನ್ನು ಅಳೆಯುವರು. ಪ್ಲೇಟ್‌ಲೆಟ್ ಕಣಗಳ ಎಣಿಕೆ ಕುಗ್ಗಿದರೆ ಎಲ್ಲಿಯಾದರೂ ಹೆಪ್ಪುಗಟ್ಟುತ್ತಿರಬಹುದೆಂದು ಎಚ್ಚರಗೊಳ್ಳುವರು. ಹೆಪ್ಪು ತಡೆಯುವ ಔಷಧವು ಮಿತಿಮೀರಿದರೆ ರಕ್ತಸ್ರಾವ, ಸಾಲದಾದರೆ ಹೆಪ್ಪು; ಇವೆರಡರ ನಡುವಣ ಕಿರುದಾರಿಯನ್ನು ತೋರುವುದೂ ಈ ಪರೀಕ್ಷೆಯೇ. ಕಡೆಯಲ್ಲಿ ಮೂತ್ರಪಿಂಡಗಳಲ್ಲಿ ಹೆಪ್ಪಿನ ತುಣುಕುಗಳು ಸಿಲುಕಿದ ಗುರುತುಂಟೇ ಎಂದು ಶೋಧಿಸುವರು.

ಇಲ್ಲಿ ವಿಚಾರಣೀಯವಾದುದೊಂದುಂಟು. ಸಣ್ಣ ಸೂಜಿಯಿಂದ ರಭಸವಾಗಿ ರಕ್ತವನ್ನೆಳೆದರೆ, ಅಥವಾ ತೆಗೆದ ನಳಿಕೆಯನ್ನು ಜೋರಾಗಿ ಕುಲುಕಿದರೆ, ಆ ಕೈಯೇ ಕಣಗಳನ್ನು ಒಡೆಯುವುದು, ಅಪವಾದವಾದರೋ ಯಂತ್ರಕ್ಕೆ. ಮೇಲಿಂದ ಮೇಲೆ ಹೆಚ್ಚು ರಕ್ತ ತೆಗೆದರೆ ಪ್ರಾಣಿ ರಕ್ತಹೀನವಾಗಿ ಬಳಲುವುದಲ್ಲದೆ ಅಳತೆಯೂ ದಾರಿತಪ್ಪುವುದು. ಆಗ ಆ ಮೂಕಜೀವಿಯ ನೋವು ನಿಷ್ಫಲವಾಗಿ, ಅದೇ ಪ್ರಶ್ನೆಗೆ ಇನ್ನೊಂದು ಕರು ಬೇಕಾಗುವುದು. ಬೇರೆಡೆ ಅಲಕ್ಷ್ಯವೆನಿಸುವುದು ಇಲ್ಲಿ ಹಿಂಸೆಯೇ ಆಗುವುದು.

ಮಾನವನ ಹಿತವೊಂದಿದ್ದರೆ ಏನನ್ನೂ ಮಾಡಬಹುದೆನ್ನುವವರುಂಟು. ಪ್ರಾಣಿಯನ್ನು ಮುಟ್ಟಲೇಬಾರದೆನ್ನುವವರೂ ಉಂಟು. ಎರಡನೆಯ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕರುವು ಒಪ್ಪಿಗೆ ಕೊಟ್ಟು ಬಂದುದಲ್ಲ. ಆದರೆ ೨೦೦೧ರಲ್ಲಿ ಪ್ರಕಟವಾದ ರಿಮ್ಯಾಚ್ ಎಂಬ ಪರೀಕ್ಷೆಯನ್ನೂ ನೋಡಬೇಕು. ಹೃದಯದ ಕಸಿಗೆ ಅರ್ಹರಲ್ಲದ ೧೨೯ ರೋಗಿಗಳಲ್ಲಿ ಪಂಪು ಪಡೆದವರ ಪೈಕಿ ಶೇಕಡ ೫೨, ಔಷಧವನ್ನಷ್ಟೇ ಪಡೆದವರ ಪೈಕಿ ಶೇಕಡ ೨೫ ಮಂದಿ ಒಂದು ವರ್ಷ ಬದುಕಿದರು. ಆ ಬದುಕಿನ ಹಿಂದೆ ಪ್ರಾಣಿಗಳ ಋಣವಿದೆ. ಋಣವೆಂದೊಪ್ಪಿದ ಮೇಲೆ ಅದನ್ನು ತೀರಿಸುವ ಬಗೆಯನ್ನು ಕೇಳುವುದು ಧರ್ಮ.

ಮೊದಲನೆಯದಾಗಿ, ಪ್ರಾಣಿಯಿಲ್ಲದೆ ತಿಳಿಯಬಹುದಾದುದನ್ನು ಪ್ರಾಣಿಯಿಂದ ಕೇಳಬಾರದು. ಕಸಾಯಿಖಾನೆಯಿಂದ ತಂದ ರಕ್ತವನ್ನು ಕೊಳವೆಗಳಲ್ಲಿ ಸುತ್ತಿಸಿ ಪಂಪನ್ನು ಮೊದಲೇ ಪರೀಕ್ಷಿಸುವ ಕ್ರಮವುಂಟು. ಬದಲಿ ಮಾರ್ಗವನ್ನು ಹುಡುಕುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕುಗ್ಗಿಸುವುದು ಎಂಬ ಮೂರು ನಿಯಮಗಳನ್ನು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ೧೯೫೯ರಲ್ಲಿಯೇ ವಿಧಿಸಿದರು. ಎರಡನೆಯದಾಗಿ, ಅಂಕಿಯನ್ನು ನೋಡುವ ಕಣ್ಣು ಜೀವಿಯನ್ನೂ ನೋಡಬೇಕು. ರಕ್ತದ ಲೆಕ್ಕ ಸರಿಯಿದ್ದರೂ ಕರು ಮೇವು ಬಿಟ್ಟು ತಲೆತಗ್ಗಿಸಿ ನಿಂತಿರಬಹುದು. ನೊಗವಿಡುವ ಮುನ್ನ ಎತ್ತಿನ ಹೆಗಲನ್ನು ಸವರಿ ನೋಡುವ ಒಕ್ಕಲಿಗನಿಗೆ ಈ ಮಾತು ಹೊಸದಲ್ಲ. ಮೂರನೆಯದಾಗಿ, ಫಲವು ಪ್ರತಿಕೂಲವಾದರೂ ಮುಚ್ಚಿಡದೆ ಬರೆದಿಡಬೇಕು. ಮುಚ್ಚಿಟ್ಟ ಸೋಲನ್ನು ಮತ್ತೊಬ್ಬರು ಮತ್ತೊಂದು ಪ್ರಾಣಿಯ ಮೇಲೆ ಮರಳಿ ಕಂಡುಕೊಳ್ಳಬೇಕಾಗುವುದು.

ಕುರಿಯ ಕೆಂಪುಕಣ ಮಾನವನ ಕಣಕ್ಕಿಂತ ಕಿರಿದು. ಹೆಪ್ಪುಗಟ್ಟುವ ರೀತಿಯೂ ಭಿನ್ನ. ಅವುಗಳ ಸಾಕ್ಷ್ಯ ನಿಜವಾದರೂ ಪೂರ್ಣವಲ್ಲ. ಇದನ್ನರಿತವನು ಗರ್ವಪಡದೆ, ಪ್ರತಿಯೊಂದು ಹನಿಯನ್ನೂ ಲೆಕ್ಕವಿಟ್ಟು ಬಳಸುವನು. ದಯೆಯು ಕಣ್ಣೀರಿನಲ್ಲಿ ಮುಗಿಯುವ ಭಾವವಲ್ಲ. ಸೂಜಿ ಹಿಡಿದ ಕೈಯ ನಿಧಾನದಲ್ಲಿಯೂ ಬರೆದಿಟ್ಟ ಅಂಕಿಯ ಪ್ರಾಮಾಣಿಕತೆಯಲ್ಲಿಯೂ ಅದು ಇರತಕ್ಕದ್ದು.