ನೌಕರಿಯೂ ಗುತ್ತಿಗೆಯೂ

ತಿಂಗಳ ಸಂಬಳದ ಖಾಯಂ ನೌಕರಿ ಮೇಲೋ, ಅವಧಿ ಗೊತ್ತುಮಾಡಿದ ಗುತ್ತಿಗೆಯ ಕೆಲಸ ಮೇಲೋ ಎಂಬ ಪ್ರಶ್ನೆಯನ್ನು ಜನರು ಲಾಭನಷ್ಟದ ಲೆಕ್ಕದಿಂದಲೇ ತೀರ್ಮಾನಿಸುವುದು ವಾಡಿಕೆ. ಮೊದಲು ಕೇಳತಕ್ಕುದು ಬೇರೆ: ಕೆಲಸ ನಿಂತ ದಿನದ ಕಷ್ಟವನ್ನು ಹೊರುವವರು ಯಾರು?

ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯನ್ನು 1908ರಲ್ಲಿ ತಾವಾಗಿಯೇ ಬಿಟ್ಟರು. ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದು 1909ರಲ್ಲಿ ಅವರ ಸಲಹೆಯನ್ನು ಪಡೆಯಿತು. ಅದೇ ವರ್ಷ ಮೈಸೂರು ಅವರನ್ನು ಮುಖ್ಯ ಇಂಜಿನಿಯರ್ ಪದವಿಗೆ ಕರೆಯಿತು. ವಿದ್ಯೆಯನ್ನು ಅರಸಿ ಬರುವವರಿರುವಾಗ ಸ್ವಾತಂತ್ರ್ಯವು ಭೂಷಣವೇ ಸರಿ. ಒಲ್ಲೆನೆನ್ನುವ ಶಕ್ತಿಯಿಲ್ಲದವನಿಗಾದರೋ ಗುತ್ತಿಗೆಯು ಸ್ವಾತಂತ್ರ್ಯವಲ್ಲ. ಯಜಮಾನನ ನಷ್ಟಭಯವನ್ನು ತಾನು ಹೊರುವ ಕೂಲಿ.

ಕರ್ನಾಟಕದ ತಾತ್ಕಾಲಿಕ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವರ್ಷಗಟ್ಟಲೆ ದುಡಿದ ಮಾತ್ರಕ್ಕೆ ಖಾಯಮಾತಿಯ ಹಕ್ಕು ಹುಟ್ಟದೆಂದು 2006ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಅರ್ಜಿ ಹಾಕುವ ಅವಕಾಶವೇ ದೊರೆಯದ ಹೊರಗಿನವರಿಗೂ ಸಮಾನತೆ ಸಲ್ಲಬೇಕಾದುದರಿಂದ ಇದರಲ್ಲಿ ನ್ಯಾಯವುಂಟು. ಆದರೂ ಮಂಜೂರಾದ ಹುದ್ದೆಗಳಲ್ಲಿ, ಕೋರ್ಟಿನ ಆಜ್ಞೆಯ ಆಸರೆಯಿಲ್ಲದೆ, ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಖಾಯಂ ಮಾಡಲು ಕ್ರಮ ಕೈಕೊಳ್ಳಬೇಕೆಂದೂ ಅದು ಹೇಳಿತು. ಏಕೆಂದರೆ ಹತ್ತು ವರ್ಷ ಬೇಕಾದ ಕೆಲಸವನ್ನು ತಾತ್ಕಾಲಿಕವೆನ್ನುವುದು ಒಪ್ಪತಕ್ಕ ಮಾತಲ್ಲ. ಆ ಮಾತನ್ನಾಡಿದವನು ಯಜಮಾನ; ದಂಡ ತೆತ್ತವನು ಆಳು.

ಆದುದರಿಂದ ಕೊಡದ ಮಾತನ್ನು ಕೊಟ್ಟರೆಂದೇ ನಂಬಿ ಗುತ್ತಿಗೆಗೆ ಸೇರುವುದು ವಿವೇಕವಲ್ಲ. ಕೊಡಲು ಮನಸ್ಸಿಲ್ಲದ ಹುದ್ದೆಯ ಆಸೆ ತೋರಿಸಿ ದುಡಿಸಿಕೊಳ್ಳುವುದು ಧರ್ಮವಲ್ಲ. ಮೊದಲನೆಯದರಿಂದ ಕೆಡುವುದು ಒಂದು ಮನೆ. ಎರಡನೆಯದರಿಂದ ಮಾತಿನ ಮೇಲಣ ನಂಬಿಕೆಯೇ ಕೆಡುವುದು.